ಛತ್ರದ ಜಗುಲಿಯಿಂದ ದುರ್ಗದ ಬಾಗಿಲಿಗೆ

ಹೋಟೆಲುಗಳ ಅನುಕೂಲವಿಲ್ಲದ ದಿನಗಳಲ್ಲಿ, ಮಕ್ಕಳುಮರಿಗಳೊಡನೆ ಕಮಾನುಗಾಡಿ ಹೂಡಿ ದುರ್ಗದ ಸೀಮೆಗೆ ಹೊರಟ ಗೃಹಸ್ಥನಿಗೆ ಛತ್ರದ ಜಗುಲಿಯೋ ಮಠದ ಪಡಸಾಲೆಯೋ ಇರುಳಿನ ಆಶ್ರಯವಾಗಿರುತ್ತಿತ್ತು. ಮೂರು ಕಲ್ಲಿಟ್ಟು ಒಲೆ ಹೂಡಿದರೆ ಅದೇ ಮನೆ. ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ದರ್ಶನವನ್ನು ಮುಗಿಸಿ, ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಕಟ್ಟೆಯನ್ನು ಕಂಡು, ಹೊಸದುರ್ಗದ ಹಾಲುರಾಮೇಶ್ವರವನ್ನೂ ಹೊಳಲ್ಕೆರೆಯ ಬಯಲು ಗಣಪನನ್ನೂ ಹಾದು ಚಿತ್ರದುರ್ಗವನ್ನು ಕಡೆಗೆ ಸೇರುವುದೇ ಉಚಿತವೆಂದು ನನ್ನ ಮತ.

ಅಲ್ಲಿಯ ಚಂದ್ರವಳ್ಳಿಯಲ್ಲಿ, ಕೆರೆಯ ಕಾರ್ಯವನ್ನು ಹೇಳುವ ಕದಂಬ ಮಯೂರಶರ್ಮನ ಶಿಲಾಶಾಸನವಿದೆ. ಅದಕ್ಕೂ ಪ್ರಾಚೀನವಾದ ಶಾತವಾಹನ ನಾಣ್ಯಗಳೊಡನೆ ದೂರದ ರೋಮಿನ ನಾಣ್ಯಗಳೂ ಅದೇ ಮಣ್ಣಿನಲ್ಲಿ ದೊರೆತಿವೆ. ಅವನ್ನು ತಂದ ವರ್ತಕರು ಯಾವ ಛತ್ರದಲ್ಲಿ ತಂಗಿದ್ದರೋ! ಮಕ್ಕಳಿಗಾದರೋ ಶಾಸನ ಬೇಡ. 1779ರಲ್ಲಿ ಹೈದರಾಲಿಯ ವಶವಾದ ಮದಕರಿನಾಯಕನ ಕೋಟೆಯಲ್ಲಿ ಓಬವ್ವನ ಕಿಂಡಿಯೊಳಗೆ ನುಸುಳಿ ಬರುವುದೇ ಪರಮಾನಂದ.