ಹೊತ್ತು ನೋಡಿ ಹೊಲಕ್ಕೆ

1981ರಲ್ಲಿ ಎರಡು ಸಂಗತಿ ನಡೆದವು.

ಒಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ ಟೀವಿಯಲ್ಲಿ ಒಂದು ಕಾರ್ಟೂನ್ ಕಡಲಹಕ್ಕಿಯನ್ನು ಕುಣಿಸಿತು. ಅಂಗಿ ತೊಡಿ, ಸನ್‌ಸ್ಕ್ರೀನ್ ಬಳ್ಕೊಳ್ಳಿ, ತಲೆಗೊಂದು ಟೋಪಿ ಇಟ್ಕೊಳ್ಳಿ ಅನ್ನೋದು ಅದರ ಸಂದೇಶ. 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಅಂತ ಅದಕ್ಕೆ ಹೆಸರು. ಜಗತ್ತಿನಲ್ಲೇ ಹೆಚ್ಚು ಹೆಸರು ಮಾಡಿದ ಆರೋಗ್ಯ ಪ್ರಚಾರಗಳಲ್ಲಿ ಅದೂ ಒಂದು.

ಎರಡು, ಅದೇ ವರ್ಷ ಮೇ 11ರಂದು ಬಾಬ್ ಮಾರ್ಲಿ ಮಯಾಮಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 36. ಕಾರಣ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೆ ಬರುವ ಕ್ಯಾನ್ಸರ್. 1977ರಲ್ಲಿ ಅದು ಸಿಕ್ಕಿದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ. ಫುಟ್‌ಬಾಲ್ ಆಡುವಾಗ ಆದ ಗಾಯ ಅಂತ ಮೊದಲು ಅಂದ್ಕೊಂಡಿದ್ದರು.

ಒಂದೇ ಕಾಯಿಲೆ, ಒಂದೇ ವರ್ಷ. ಆದರೆ ಅಂಗಿ, ಸನ್‌ಸ್ಕ್ರೀನ್, ಟೋಪಿ ಮೂರೂ ಇದ್ದಿದ್ದರೂ ಮಾರ್ಲಿಯ ಆ ಬೆರಳಿಗೆ ಅದರಿಂದ ಏನೂ ಉಪಯೋಗ ಇರ್ತಿರಲಿಲ್ಲ. ನಾನು ಈ ಇತಿಹಾಸ ಓದೋಕೆ ಕೂತಿದ್ದೇ ಈ ಎರಡರ ನಡುವಿನ ಅಂತರದಿಂದಾಗಿ. ನಮ್ಮ ಚಿಕ್ಕಪ್ಪ ಸಿಕ್ಕಿಹಾಕಿಕೊಂಡಿದ್ದು ಸರಿಯಾಗಿ ಅಲ್ಲೇ.

ನಮ್ಮೂರು ಯಲಿಯೂರು. ಮಂಡ್ಯ ಬಿಟ್ಟ ಪ್ಯಾಸೆಂಜರ್ ರೈಲು ಮೈಸೂರಿನ ಕಡೆ ಹೋಗುವಾಗ ಸಿಗುವ ಸಣ್ಣ ಸ್ಟೇಷನ್ನು. ಚಿಕ್ಕಪ್ಪನ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಇತ್ತು. ಆಣಿ ಅಂದ್ಕೊಂಡು ಒಂದೂವರೆ ವರ್ಷ ಬ್ಲೇಡಿನಲ್ಲಿ ಹೆರೆದುಕೊಂಡೇ ಓಡಾಡಿದರು. ಕೊನೆಗೆ ಬಯಾಪ್ಸಿ ಆಯ್ತು, ಮೆಲನೋಮಾ ಅಂತ ಬಂತು. ಆಪರೇಷನ್ ಮಾಡಿ ಕಲೆಯ ಸುತ್ತಲಿನ ಚರ್ಮವನ್ನೂ ತೆಗೆದು, ತೊಡೆಯ ಚರ್ಮ ತಂದು ಕಸಿ ಹಾಕಿದರು. ಪುಣ್ಯಕ್ಕೆ ತೊಡೆಸಂದಿನ ಗಂಟಿಗೆ ಹರಡಿರಲಿಲ್ಲ.

ಡಿಸ್ಚಾರ್ಜ್ ಆಗುವಾಗ ಆಸ್ಪತ್ರೆಯಲ್ಲಿ ಒಂದು ಕರಪತ್ರ ಕೊಟ್ಟರು. ಇಂಗ್ಲಿಷಿನಿಂದ ಕನ್ನಡಕ್ಕೆ ಹೇಗೋ ಇಳಿಸಿದ್ದು. ಬೀಚಿನಲ್ಲಿ ಮಲಗಬೇಡಿ, ಟ್ಯಾನಿಂಗ್ ಬೆಡ್ ಬಳಸಬೇಡಿ, ಬಿಸಿಲಿಗೆ ಹೋಗಬೇಡಿ. ಮೊದಲ ಎರಡು ಚಿಕ್ಕಪ್ಪನಿಗೆ ಸಂಬಂಧವೇ ಇರಲಿಲ್ಲ. ಮೂರನೆಯದನ್ನು ಅವರು ವೇದವಾಕ್ಯದ ಹಾಗೆ ತಗೊಂಡರು. ಎರಡೂವರೆ ಎಕರೆ ಗದ್ದೆ ಗುತ್ತಿಗೆಗೆ ಹೋಯ್ತು. ಐವತ್ತೆಂಟು ವರ್ಷದ ಆಸಾಮಿ ಜಗಲಿ ಬಿಟ್ಟು ಕೆಳಗೆ ಇಳಿಯಲಿಲ್ಲ. "ಒಲುಕ್ಕೆ ಓಗಂಗಿಲ್ಲ ಅಂದ್ರೆ ಇನ್ನೇನ್ ಮಾಡ್ಲಿ ಮಗ? ಇಲ್ಲೇ ಕುಂತ್ಕಂಡು ಬಸ್ ಎಣಿಸ್ಲಾ?" ಅಂತ ಕೇಳಿದರು. ಕ್ಯಾನ್ಸರಿಗಿಂತ ಆ ಜಗಲಿಯೇ ಅವರನ್ನು ಬೇಗ ಮುಗಿಸುತ್ತೆ ಅಂತ ನಮಗೆಲ್ಲ ಅನ್ನಿಸೋಕೆ ಶುರುವಾಗಿತ್ತು.

ಹಾಗಾದರೆ ಆ ಮೂರನೇ ವಾಕ್ಯ ಎಲ್ಲಿಂದ ಬಂತು?

ಕಾಯಿಲೆ ಹಳೆಯದು. 1787ರಲ್ಲೇ ಲಂಡನ್ನಿನ ಸರ್ಜನ್ ಜಾನ್ ಹಂಟರ್ ಇಂಥದೊಂದು ಗಡ್ಡೆ ಕೊಯ್ದು ತೆಗೆದು ಜಾಡಿಯಲ್ಲಿ ಇಟ್ಟಿದ್ದ. ಅದು ಮೆಲನೋಮಾ ಅಂತ ಖಚಿತವಾಗಿದ್ದು ಹೆಚ್ಚುಕಡಿಮೆ 180 ವರ್ಷ ಆದ ಮೇಲೆ. ಮುಂದೆ ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್, 1804ರಲ್ಲಿ ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸಿದ. 1820ರಲ್ಲಿ ವಿಲಿಯಂ ನಾರಿಸ್ ಅನ್ನೋ ಇಂಗ್ಲಿಷ್ ಡಾಕ್ಟರ್ ಒಬ್ಬ ರೋಗಿಯ ಕಥೆಯನ್ನು ವಿವರವಾಗಿ ಬರೆದ. ಇವರು ಯಾರೂ ಸೂರ್ಯನ ಕಡೆ ಬೆರಳು ತೋರಿಸಲಿಲ್ಲ.

ಸೂರ್ಯನ ಬಗ್ಗೆ ಯುರೋಪು ಮತ್ತೆ ಮತ್ತೆ ಮನಸ್ಸು ಬದಲಿಸಿದೆ. ಬ್ರಿಟಿಷರು ಇಲ್ಲಿದ್ದಾಗ ಬಿಸಿಲನ್ನು ಕಂಡರೆ ಅವರಿಗೆ ಪ್ರಾಣಭಯ. ಉಷ್ಣವಲಯದ ಕಿರಣ ಬುರುಡೆ ತೂರಿ ಮಿದುಳು ಕೆಡಿಸುತ್ತೆ ಅಂತ ನಂಬಿ ಬೆಂಡಿನ ಟೋಪಿ ಹಾಕಿದರು. ಕೆಲವರು ಬೆನ್ನುಮೂಳೆಗೂ ಗಾದಿ ಕಟ್ಟಿಕೊಂಡರು. ಇಪ್ಪತ್ತನೇ ಶತಮಾನದ ಶುರುವಿಗೆ ಗಾಳಿ ತಿರುಗಿತು. ಬೆಳಕಿನಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಮಾಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಸ್ವಿಟ್ಜರ್ಲೆಂಡಿನಲ್ಲಿ ರೋಗಿಗಳನ್ನು ಬಿಸಿಲಿಗೆ ಮಲಗಿಸುವ ಆಸ್ಪತ್ರೆಗಳು ಎದ್ದವು. 1920ರ ದಶಕದ ಹೊತ್ತಿಗೆ ಕಂದು ಮೈ ಶ್ರೀಮಂತಿಕೆಯ ಗುರುತಾಯ್ತು. ಬಿಳಿಯರು ಬಟ್ಟೆ ಬಿಚ್ಚಿ ಕಡಲತೀರದಲ್ಲಿ ಬಿದ್ದುಕೊಂಡರು.

ಅದರ ಬಿಲ್ಲು ಬಂದಿದ್ದು ಆಸ್ಟ್ರೇಲಿಯಾದಲ್ಲಿ. 1956ರಲ್ಲಿ ಹೆನ್ರಿ ಲ್ಯಾಂಕಾಸ್ಟರ್ ಸಾವಿನ ಅಂಕಿಅಂಶ ಹರಡಿಕೊಂಡು ನೋಡಿದ. ಸಮಭಾಜಕ ವೃತ್ತಕ್ಕೆ ಹತ್ತಿರ ಹೋದಷ್ಟೂ ಬಿಳಿಯರಲ್ಲಿ ಮೆಲನೋಮಾ ಸಾವು ಜಾಸ್ತಿ. ಬಿಸಿಲೇ ಅಪರಾಧಿ ಅನ್ನೋದಕ್ಕೆ ಅದು ದೊಡ್ಡ ಪುರಾವೆ. ಇಪ್ಪತ್ತೈದು ವರ್ಷ ಆದ ಮೇಲೆ ಕುಣಿದ ಆ ಕಡಲಹಕ್ಕಿಯ ಹಿಂದೆ ಇದ್ದದ್ದು ಇಂಥ ಲೆಕ್ಕಗಳೇ.

ಆದರೆ ಲ್ಯಾಂಕಾಸ್ಟರ್ ತನ್ನ ಲೇಖನದ ಶೀರ್ಷಿಕೆಯಲ್ಲೇ ಒಂದು ಮಾತು ಸ್ಪಷ್ಟವಾಗಿ ಬರೆದಿದ್ದ: ಇದು ಯುರೋಪಿಯನ್ನರಲ್ಲಿನ ಮೆಲನೋಮಾ ಕುರಿತದ್ದು ಅಂತ. ಕರಪತ್ರಗಳು ದೇಶದಿಂದ ದೇಶಕ್ಕೆ ದಾಟುವಾಗ ಆ ಒಂದು ಪದ ಉದುರಿಹೋಯ್ತು.

ನಮ್ಮಲ್ಲಿ ಮೆಲನೋಮಾ ಅಪರೂಪ, ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೂ ಬರಲ್ಲ. ಬಂದಾಗ ಹೆಚ್ಚಾಗಿ ಬರೋದು ಅಂಗಾಲು, ಅಂಗೈ, ಉಗುರಿನ ಅಡಿ. ಈ ಬಗೆಗೆ ರಿಚರ್ಡ್ ರೀಡ್ ಅನ್ನೋ ವೈದ್ಯ ಪ್ರತ್ಯೇಕ ಹೆಸರು ಕೊಟ್ಟಿದ್ದೇ 1976ರಲ್ಲಿ. ಇದು ಬಿಳಿಯರಿಗೂ ಕರಿಯರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತೆ. ಬಿಳಿಯರಲ್ಲಿ ಬಿಸಿಲಿನ ಬಗೆ ವಿಪರೀತ ಹೆಚ್ಚು, ಹಾಗಾಗಿ ಅದರ ರಾಶಿಯಲ್ಲಿ ಇದು ಮುಚ್ಚಿಹೋಗುತ್ತೆ. ಅಂಗಾಲಿನ ಮೆಲನೋಮಾಗೆ ಬಿಸಿಲು ಮುಖ್ಯ ಕಾರಣ ಅಲ್ಲ. 2016ರಲ್ಲಿ ಜಪಾನಿನ ವೈದ್ಯರು ರೋಗಿಗಳ ಪಾದದ ನಕ್ಷೆ ಮಾಡಿ ನೋಡಿದಾಗ, ಮೈಭಾರ ಬೀಳುವ ಜಾಗದಲ್ಲೇ, ಅಂದರೆ ಹಿಮ್ಮಡಿ ಮತ್ತು ಮುಂಗಾಲಿನಲ್ಲಿ, ಅದು ಹೆಚ್ಚು ಕಂಡಿತು.

ಹಾಗಾದರೆ ಚಿಕ್ಕಪ್ಪ ಬಿಸಿಲಲ್ಲಿ ಆರಾಮಾಗಿ ಇರಬಹುದಾ? ಫಾಲೋಅಪ್‌ನಲ್ಲಿ ಸರ್ಜನ್ ಹತ್ರ ಇದನ್ನೇ ಕೇಳಿದೆ. ಬಂದ ಕಾಯಿಲೆ ಬಿಸಿಲಿಂದ ಬಂದದ್ದಲ್ಲ, ನಿಜ. ಆದರೆ ಒಂದು ಸಲ ಮೆಲನೋಮಾ ಬಂದವರಿಗೆ ಮೈಯಲ್ಲಿ ಇನ್ನೊಂದು ಕಡೆ ಹೊಸದಾಗಿ ಬರುವ ಸಾಧ್ಯತೆ ಮಿಕ್ಕವರಿಗಿಂತ ಹೆಚ್ಚು, ಹಾಗಾಗಿ ಚರ್ಮ ಸುಡದ ಹಾಗೆ ನೋಡ್ಕೊಳ್ಳಿ ಅಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಮನೇಲಿ ಕೂರಿ ಅಂತ ಯಾರು ಹೇಳಿದ್ದು ನಿಮಗೆ? ಓಡಾಡಿ, ಹೊಲಕ್ಕೂ ಹೋಗಿ. ಹೊತ್ತು ನೋಡ್ಕೊಂಡು ಹೋಗಿ" ಅಂದರು.

ಹೊತ್ತು ನೋಡ್ಕೊಂಡು ಹೋಗೋದು. ಮಂಡ್ಯದವರಿಗೆ ಇದು ಹೊಸ ಮಾತಲ್ಲ.

ನಮ್ಮ ತಾತನ ಕಾಲದಲ್ಲಿ ಉಳುಮೆ ಶುರುವಾಗ್ತಿದ್ದದ್ದು ಕೋಳಿ ಕೂಗೋ ಹೊತ್ತಿಗೆ. ಬಿಸಿಲು ಏರೋ ಮೊದಲೇ ನೊಗ ಬಿಚ್ಚಿ ಎತ್ತಿಗೆ ನೀರು ಕುಡಿಸಿ ಹೊಂಗೆ ಮರದಡಿ ಕಟ್ಟಬೇಕು. ಎತ್ತು ಬಾಯಿ ತೆರೆದು ಏದುಸಿರು ಬಿಟ್ಟರೆ ಅವತ್ತಿನ ಕೆಲಸ ಮುಗೀತು ಅಂತ ಲೆಕ್ಕ. ಎತ್ತಿನ ಜೊತೆ ಮನುಷ್ಯನಿಗೂ ನೆರಳು ಸಿಗ್ತಿತ್ತು. ಬುತ್ತಿ ಉಂಡು, ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಹಾಸಿಕೊಂಡು ಒಂದು ನಿದ್ದೆ. ಹೊತ್ತು ಇಳಿದ ಮೇಲೆ ಮತ್ತೆ ಕೆಲಸ. ಯಾರೂ ಅಲ್ಟ್ರಾವಯೊಲೆಟ್ ಹೆಸರು ಕೇಳಿರಲಿಲ್ಲ. ಎತ್ತಿನ ಮೇಲಿನ ಕಾಳಜಿ ಸಾಕಾಗಿತ್ತು.

ಇದನ್ನು ಸ್ವರ್ಗ ಅಂತ ಹೇಳ್ತಿಲ್ಲ. 1930ರ ದಶಕದ ಆರಂಭದಲ್ಲಿ ಕೆಆರ್‌ಎಸ್‌ನಿಂದ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಹರಿದು ಬಂತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ರಾಗಿ ಬೆಳೀತಿದ್ದ ಕಡೆ ಭತ್ತ, ಕಬ್ಬು ನಿಂತವು. ಕೈಗೆ ಕಾಸು ಬಂತು. ಜೊತೆಗೆ ನಾಟಿ ಹಾಕುವ ಹೆಂಗಸರು ಬರಿಗಾಲಲ್ಲಿ ಕೆಸರಿಗಿಳಿದು, ಬೆನ್ನಿಗೆ ಬಿಸಿಲು ಕೊಟ್ಟು ಇಡೀ ದಿನ ಬಗ್ಗಿ ನಿಂತರು. ಎತ್ತು ಇದ್ದವನಿಗೆ ಹೊತ್ತು ಅವನ ಕೈಯಲ್ಲಿತ್ತು, ಕೂಲಿಗೆ ಬಂದವಳಿಗೆ ಇರಲಿಲ್ಲ. ಆಮೇಲೆ ಟ್ರ್ಯಾಕ್ಟರ್ ಬಂತು. ಅದಕ್ಕೆ ಏದುಸಿರು ಬರಲ್ಲ. ಗಂಟೆ ಲೆಕ್ಕದ ಬಾಡಿಗೆಗೆ ನಡುಮಧ್ಯಾಹ್ನವೂ ಒಂದೇ, ಮುಂಜಾನೆಯೂ ಒಂದೇ.

ನೆರಳೂ ಹಾಗೇ ಹೋಯ್ತು. ಬೆಂಗಳೂರಿಂದ ಮದ್ದೂರು, ಮಂಡ್ಯ ಹಾದು ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಬಹಳ ಹಳೆಯದು; 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದದ್ದೂ ಇದೇ ದಾರಿಯಲ್ಲಿ. ರಸ್ತೆ ಅಗಲವಾದಾಗಲೆಲ್ಲ ಸಾಲುಮರ ಬಿದ್ದವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಅದರ ಮೇಲೆ ಪ್ರವೇಶ ಇಲ್ಲ. ಏಸಿ ಕಾರಿನವರಿಗೆ ಮೇಲಿನ ರಸ್ತೆ, ಬಿಸಿಲಿಗೆ ಮೈಯೊಡ್ಡಿದವರಿಗೆ ನೆರಳಿಲ್ಲದ ಸರ್ವಿಸ್ ರೋಡು.

ಚಿಕ್ಕಪ್ಪ ಈಗ ತಾತನ ಕಾಲದ ಹೊತ್ತಿಗೆ ವಾಪಸ್ ಹೋಗಿದ್ದಾರೆ. ಗುತ್ತಿಗೆ ಬಿಡಿಸಿಕೊಂಡರು. ಬೆಳಗ್ಗೆ ಆರಕ್ಕೆ ಗದ್ದೆಯಲ್ಲಿ, ಒಂಬತ್ತಕ್ಕೆ ಮನೆಯಲ್ಲಿ. ಮತ್ತೆ ನಾಲ್ಕರ ಮೇಲೆ. ಅವರಿಗೆ ನಾನು ಕೊಟ್ಟ ಹೊಸ ಸಲಕರಣೆ ಒಂದೇ, ನೆರಳಿನ ಅಳತೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಯ್ತಾ? ಮರದಡಿ ಹೋಗಿ. ಏಪ್ರಿಲ್‌ನಲ್ಲಿ ಮಂಡ್ಯದ ಕಡೆ ಇದು ಸುಮಾರು ಒಂಬತ್ತೂಕಾಲಿಗೆ ಶುರುವಾಗಿ ಮೂರೂವರೆವರೆಗೆ ಇರುತ್ತೆ, ಡಿಸೆಂಬರಿನಲ್ಲಿ ಹತ್ತೂವರೆಯಿಂದ ಎರಡು ದಾಟುವವರೆಗೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿ ಸೇರಿಬಿಡುತ್ತೆ. ಆಗ ಮಧ್ಯಾಹ್ನ ಅನ್ನೋದು ಗಡಿಯಾರದಲ್ಲಿ 12 ಗಂಟೆ 20 ನಿಮಿಷದ ಹತ್ತಿರ. ನೇರಳಾತೀತ ಕಿರಣದ ಸೂಚ್ಯಂಕ ಬೇಸಿಗೆಯಲ್ಲಿ 11 ದಾಟೋದು ಇಲ್ಲಿ ಮಾಮೂಲು; 3 ದಾಟಿದರೇ ಮೈ ಮುಚ್ಚಿಕೊಳ್ಳಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಬಟ್ಟೆಯ ವಿಷಯದಲ್ಲೂ ಒಂದು ಸಣ್ಣ ತಿದ್ದುಪಡಿ ಆಯ್ತು. ತೆಳು ಬಿಳಿ ಹತ್ತಿ ತಂಪು, ಆದರೆ ಬೆವರಿನಲ್ಲಿ ನೆನೆದಾಗ ಕಿರಣ ಒಳಗೆ ಬಿಡುತ್ತೆ. ಒತ್ತಾಗಿ ನೇಯ್ದ ಗಾಢ ಬಣ್ಣದ ತುಂಬುತೋಳಿನ ಅಂಗಿ ಹೆಚ್ಚು ತಡೆಯುತ್ತೆ. ಮುಖ, ಕಿವಿ, ಕತ್ತಿಗೆ ಅಗಲ ಅಂಚಿನ ಟೋಪಿ. ಬಟ್ಟೆ ಮುಚ್ಚದ ಕಡೆ ಮಾತ್ರ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಕಸಿ ಹಾಕಿದ ಕಾಲಿಗೆ ಗದ್ದೆಯಲ್ಲೂ ಗಂಬೂಟು. "ಮದ್ವೆ ಗಂಡಿನಂಗೆ ಕಾಣ್ತಿದೀನಿ ಕಣ್ಲಾ" ಅಂತ ಅವರೇ ನಗ್ತಾರೆ.

ನಮ್ಮಂಥವರಿಗೂ ಇದೇ ಲೆಕ್ಕ ಸಾಕು. ಪಾಂಡವಪುರದ ಕುಂತಿಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗೋರು ಬಿಸಿಲೇರೋ ಮೊದಲೇ ಇಳಿದುಬಿಡಿ. ಭಾನುವಾರದ ಕ್ರಿಕೆಟ್ ಮ್ಯಾಚನ್ನು ಹನ್ನೊಂದರಿಂದ ಏಳಕ್ಕೆ ತನ್ನಿ. ಮೆಲನೋಮಾ ಗೆದ್ದು ಬಂದ ಗೆಳೆಯ ನಿಮ್ಮ ಗುಂಪಿನಲ್ಲಿದ್ದರೆ ಅವನನ್ನು ಬಿಟ್ಟು ಹೋಗಬೇಡಿ, ಟ್ರೆಕ್ಕಿನ ಟೈಮು ಬದಲಾಯಿಸಿ.

ಆದರೆ ತಾತನ ಕಾಲದ ಆ ಹೊತ್ತಿನ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಬಿಸಿಲನ್ನು ಅಷ್ಟು ಚೆನ್ನಾಗಿ ಓದಿದ ಜನ ತಮ್ಮ ಅಂಗಾಲನ್ನು ಓದಲಿಲ್ಲ. ಮುಳ್ಳು, ಆಣಿ, ಒಡಕು, ಕೆಸರು. ಕಾಲಿನಲ್ಲಿ ಏನೋ ಒಂದು ಇದ್ದೇ ಇರುತ್ತೆ ಬಿಡು ಅನ್ನೋ ಮನಸ್ಸು. ಈ ಕಾಯಿಲೆ ಗೆಲ್ಲೋದು ಆ 'ಬಿಡು'ವಿನಲ್ಲೇ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿಕೊಟ್ಟ ಹಾಗೆ, ಮೆಲನೋಮಾದಲ್ಲಿ ಎಲ್ಲಕ್ಕಿಂತ ಮುಖ್ಯ ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನೋದು. ಒಂದು ಮಿಲಿಮೀಟರಿನ ಒಳಗೆ ಸಿಕ್ಕರೆ ಬಹುಪಾಲು ಜನ ಗುಣವಾಗ್ತಾರೆ. ಚುಚ್ಚಿ ಟೆಸ್ಟ್ ಮಾಡಿಸಿದರೆ ಹರಡುತ್ತೆ ಅನ್ನೋ ಮಾತು ಊರಲ್ಲಿ ಇನ್ನೂ ಇದೆ. ಹರಡೋದು ಟೆಸ್ಟಿನಿಂದಲ್ಲ, ತಡ ಮಾಡಿದ್ದರಿಂದ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಅಪ್ಪ, ಅವ್ವ, ಅಜ್ಜಿಯ ಕಾಲಿಗೆ ಬೀಳ್ತೀರಲ್ಲ, ಆಮೇಲೆ ಅವರನ್ನು ಬೆಳಕಿಗೆ ಕೂರಿಸಿ ಪಾದ ತಿರುಗಿಸಿ ನೋಡಿ. ಹೊಸದಾಗಿ ಬಂದು ಬೆಳೀತಿರೋ ಕಪ್ಪು ಅಥವಾ ಕಂದು ಕಲೆ, ವಾರಗಟ್ಟಲೆ ಮಾಯದ ಹುಣ್ಣು, ಒಂದೇ ಉಗುರಿನಲ್ಲಿ ಅಗಲವಾಗ್ತಿರೋ ಗೆರೆ, ಉಗುರು ದಾಟಿ ಚರ್ಮಕ್ಕೆ ಹಬ್ಬಿದ ಕಪ್ಪು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಮ್ಮ ಬಣ್ಣದವರ ಉಗುರಿನಲ್ಲಿ ಗೆರೆ ಇರೋದು ಸಾಮಾನ್ಯ, ಹೆಚ್ಚಿನವು ಏನೂ ಅಲ್ಲ. ಹಾಗಂತ ಹೇಳಬೇಕಾದವರು ಡಾಕ್ಟರು. ಅಜ್ಜಿ ನಾಚಿಕೊಂಡು ಕಾಲು ಎಳ್ಕೋತಾರೆ. ಬಿಡಬೇಡಿ, ಎರಡೂ ಕಾಲು ನೋಡಿ. ಬೆರಳುಗಳ ಸಂದಿಯನ್ನೂ ನೋಡಿ.