ತುಪ್ಪ ಜೀರ್ಣವಾಗದ ಹೊಟ್ಟೆಯ ಚರಿತ್ರೆ

ಈ ಸಲದ ಮಾತುಕತೆ ರೆಕಾರ್ಡ್ ಮಾಡಿದ್ದು ಹೌಜ್ ಖಾಸ್ ಕೆರೆಯ ದಂಡೆ ಮೇಲೆ. ಗಾಳಿ ಸದ್ದಿಗೆ ಅರ್ಧ ಮಾತು ಕೇಳಿಸೋದಿಲ್ಲ, ಹಾಗಾಗಿ ಇಲ್ಲಿ ಪೂರ್ತಿ ಬರೆದಿದ್ದೀನಿ.

ಈ ಕೆರೆ ತೋಡಿಸಿದ್ದು ಅಲಾವುದ್ದೀನ್ ಖಿಲ್ಜಿ. ಮುಂದೆ ಹೂಳು ತುಂಬಿದಾಗ ಎತ್ತಿಸಿ, ದಂಡೆಯಲ್ಲಿ ಮದರಸಾ ಕಟ್ಟಿಸಿದ್ದು ಫಿರೋಜ್ ಷಾ ತುಘಲಕ್. 1398ರ ಡಿಸೆಂಬರಿನಲ್ಲಿ ದಿಲ್ಲಿ ಗೆದ್ದ ತೈಮೂರ್ ಬೀಡುಬಿಟ್ಟಿದ್ದೂ ಇಲ್ಲೇ. ಒಂದು ಕಾಲಕ್ಕೆ ಊರಿಗೇ ನೀರು ಕೊಟ್ಟ ಕೆರೆ. ಈಗ ಇದರಲ್ಲಿ ನಿಂತಿರೋದು ವಸಂತ್ ಕುಂಜ್ ಕಡೆಯಿಂದ ಬರೋ, ಶುದ್ಧೀಕರಿಸಿದ ಕೊಳಚೆ ನೀರು. ನೀರಿನ ಬಗ್ಗೆ ನಾನು ಯೋಚಿಸೋಕೆ ಶುರು ಮಾಡಿದ್ದಕ್ಕೆ ಬೇರೆ ಕಾರಣ ಇತ್ತು.

ಗುರುಗ್ರಾಮದಲ್ಲಿ ಕೆಲಸ ಸಿಕ್ಕಿ, ಇಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ಮಳೆಗಾಲದಲ್ಲೇ ನನಗೆ ಭೇದಿ ಹಿಡೀತು. ನಾಲ್ಕು ದಿನಕ್ಕೆ ನಿಂತಿತು. ಆದರೆ ಆಮೇಲೆ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಂಡರೂ ಹೊಟ್ಟೆ ಉಬ್ಬರ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ನೀರಲ್ಲಿ ತೇಲೋದು. ನಾಚಿಕೆ ಬಿಟ್ಟು ಹೇಳ್ತಿದ್ದೀನಿ, ಯಾಕಂದ್ರೆ ಈ ಕಥೆಯ ಮುಖ್ಯ ಸಾಕ್ಷಿ ಅದೇ. ಆರು ವಾರದಲ್ಲಿ ಐದು ಕಿಲೋ ಇಳಿದೆ. ಅಮ್ಮ ಫೋನಲ್ಲಿ, "ತುಪ್ಪ ಬಿಡೋ, ಮಜ್ಜಿಗೆ ಅನ್ನ ಉಣ್ಣು" ಅಂದ್ರು. ಚರಕ ಸಂಹಿತೆಯ ಗ್ರಹಣಿ ಅಧ್ಯಾಯದಲ್ಲೂ ಮಜ್ಜಿಗೆಗೆ ದೊಡ್ಡ ಜಾಗ ಇದೆ ಅಂತ ಆಮೇಲೆ ಗೊತ್ತಾಯ್ತು.

ನನ್ನದು ತಾನಾಗೇ ಸರಿಹೋಯ್ತು. ಹೋಗದೆ ಉಳಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೇ ಹೆಸರಿದೆ: ಟ್ರಾಪಿಕಲ್ ಸ್ಪ್ರೂ. 'ಸ್ಪ್ರೂ' ಡಚ್ ಮೂಲದ ಪದ. 1880ರಲ್ಲಿ ಚೀನಾದ ಅಮಾಯ್‌ನಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನ ಇಂಗ್ಲಿಷ್ ವೈದ್ಯಕ್ಕೆ ತಂದ. ಬಹಳ ಕಾಲ ಇದನ್ನ ಬಿಸಿ ದೇಶಗಳಿಗೆ ಬಂದ ಬಿಳಿಯರ ಕಾಯಿಲೆ ಅಂದುಕೊಂಡಿದ್ರು. ನಮ್ಮವರು ಇದರಿಂದ ಸಾಯ್ತಿದ್ದದ್ದು ಲೆಕ್ಕಕ್ಕೇ ಬರಲಿಲ್ಲ.

ಹಾಗೆ ಸತ್ತವರಲ್ಲಿ ಆಂಧ್ರದ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ರು, ಕೆಲವೇ ದಿನಗಳ ಅಂತರದಲ್ಲಿ ಹೋದ್ರು. ಅವರ ಸಹೋದರ ಯಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ಅವರಿಗೂ ಅದೇ ಕಾಯಿಲೆ ಹಿಡಿದು, ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಚಿಕಿತ್ಸೆಯಿಂದ ಉಳಿದುಕೊಂಡ್ರು. 1923ರಲ್ಲಿ ಬಾಸ್ಟನ್‌ಗೆ ಹೋದವರು ಮತ್ತೆ ಊರಿಗೆ ಬರಲೇ ಇಲ್ಲ. ಅಮೆರಿಕದ ಪ್ರಜೆಯೂ ಆಗಲಿಲ್ಲ. ವೀಸಾ ಗೋಳು ಅನುಭವಿಸಿರೋ ನಮ್ಮವರಿಗೆ ಈ ಮನುಷ್ಯ ಹತ್ತಿರದವರು ಅನ್ನಿಸಬೇಕು.

ಲೆಡರ್ಲಿ ಕಂಪನಿಯಲ್ಲಿ ಅವರ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಅದು ಸ್ಪ್ರೂ ರೋಗಿಗಳ ರಕ್ತಹೀನತೆಗೆ ಕೆಲಸ ಮಾಡ್ತು. 1948ರಲ್ಲಿ ಅದೇ ಕಂಪನಿಯಿಂದ, ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಆರಿಯೋಮೈಸಿನ್ ಹೊರಬಂತು, ಟೆಟ್ರಾಸೈಕ್ಲಿನ್ ವಂಶದ ಮೊದಲ ಔಷಧ. ಆ ಆಗಸ್ಟ್‌ನಲ್ಲೇ ಸುಬ್ಬರಾವ್ ತೀರಿಕೊಂಡ್ರು. ಇವತ್ತಿಗೂ ಸ್ಪ್ರೂಗೆ ಕೊಡೋದು ಫೋಲಿಕ್ ಆಸಿಡ್ ಜೊತೆಗೆ ತಿಂಗಳುಗಟ್ಟಲೆ ಟೆಟ್ರಾಸೈಕ್ಲಿನ್. ಸಹೋದರರನ್ನ ಕೊಂದ ಕಾಯಿಲೆಯ ಎರಡೂ ಮದ್ದಿನ ಬೇರು ಅವರು ನಡೆಸಿದ ಲ್ಯಾಬಿನಲ್ಲೇ ಇದೆ.

ಆಂಟಿಬಯೋಟಿಕ್‌ಗೂ ತುಪ್ಪಕ್ಕೂ ಏನು ಸಂಬಂಧ? ಪಾತ್ರೆ ಸೋಪು ಜಿಡ್ಡಿಗೆ ಏನು ಮಾಡುತ್ತೋ, ಪಿತ್ತರಸದ ಲವಣಗಳು ಕೊಬ್ಬಿಗೆ ಅದನ್ನೇ ಮಾಡ್ತವೆ: ಸಣ್ಣ ಸಣ್ಣ ಹನಿ ಮಾಡ್ತವೆ. ಆಮೇಲೆ ಸಣ್ಣ ಕರುಳಿನ ಒಳಪದರದ ಬೆರಳಿನಂಥ ಚಾಚುಗಳು ಅದನ್ನ ಹೀರಿಕೊಳ್ತವೆ. ಆರೋಗ್ಯವಂತರ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾ ಬಹಳ ಕಮ್ಮಿ, ಅವುಗಳ ಊರು ದೊಡ್ಡ ಕರುಳು. ಭೇದಿಯಾದ ಮೇಲೆ ಕೆಲವರಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದವು ಮೇಲಕ್ಕೆ ಬಂದು ಬೀಡುಬಿಡ್ತವೆ, ತೈಮೂರನ ಹಾಗೆ. ಚಾಚುಗಳು ಸವೆದು ಮೊಂಡಾಗ್ತವೆ. ಕೊಬ್ಬು ಹಾಗೇ ಹೊರಗೆ ಹೋಗುತ್ತೆ, ಅದರ ಜೊತೆ ಎ, ಡಿ ವಿಟಮಿನ್‌ಗಳೂ. ಫೋಲಿಕ್ ಆಸಿಡ್ ಹೀರೋದೂ ಕೆಡುತ್ತೆ. ಕೆಲವೇ ದಿನಕ್ಕೊಮ್ಮೆ ಹೊಸದಾಗಬೇಕಾದ ಆ ಪದರಕ್ಕೆ ಬೇಕಾದದ್ದೇ ಅದು. ಹೀಗೆ ಹೊಡೆತ ತಿಂದ ಕರುಳಿಗೆ ರಿಪೇರಿ ಸಾಮಾನೂ ಸಿಗಲ್ಲ.

ಇದು ಸೋಂಕಿನ ಹಿಂದೆಯೇ ಬರೋ ಕಾಯಿಲೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನಮ್ಮ ಕೋಲಾರದಿಂದ ದೂರವೇನಿಲ್ಲದ ವೆಲ್ಲೂರಿನ ಸುತ್ತ. 1960ರ ದಶಕದ ಆರಂಭದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕದ ಹಾಗೆ ಹಬ್ಬಿತು. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಾಥನ್ ಅದನ್ನ ಹಳ್ಳಿಗಳಿಗೇ ಹೋಗಿ ಅಧ್ಯಯನ ಮಾಡಿದ್ರು. ಬಿಳಿಯರ ಕಾಯಿಲೆ ಅನ್ನೋ ಮಾತು ಅಲ್ಲಿಗೆ ಮುಗೀತು.

ಒಂದು ಪಕ್ಕದ ಮಾತು. ಅನ್ನ, ರಾಗಿ ಬಿಟ್ಟು ಇಲ್ಲಿ ಮೂರು ಹೊತ್ತು ಚಪಾತಿಗೆ ಬಂದವರಲ್ಲಿ ಇದೇ ಲಕ್ಷಣ ಕಂಡರೆ ಅದು ಸೀಲಿಯಾಕ್, ಅಂದ್ರೆ ಗೋಧಿಯ ಗ್ಲುಟೆನ್ ಆಗದಿರೋ ಕಾಯಿಲೆಯೂ ಇರಬಹುದು. ಉತ್ತರ ಭಾರತದಲ್ಲಿ ಅದು ಅಪರೂಪ ಅಲ್ಲ. ಆದರೆ ನೀವಾಗೇ ಚಪಾತಿ ಬಿಟ್ಟುಬಿಟ್ಟು ಆಮೇಲೆ ರಕ್ತಪರೀಕ್ಷೆಗೆ ಹೋಗಬೇಡಿ. ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು, ಇಲ್ಲಾಂದ್ರೆ ಇದ್ದ ಕಾಯಿಲೆಯೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು.

ನಾನು ಈಗ ತುಪ್ಪ ಹಾಕಿಕೊಳ್ತೀನಿ. ನೀರು ಮಾತ್ರ ಕುದಿಸಿಯೇ ಕುಡಿಯೋದು.