ತಿಂಗಳಿಗೆ 75 ರೂಪಾಯಿ: ಒಂದು ಸಂಶೋಧನ ವೇತನದ ಕಥೆ

ಎಂ.ಎಸ್ಸಿ. ಮುಗಿಸುತ್ತಿರುವ ವಿದ್ಯಾರ್ಥಿಗಳನ್ನು ‘ಮುಂದೇನು?’ ಎಂದು ಕೇಳಿ ನೋಡಿ. ‘ಸಂಶೋಧನೆ ಮಾಡಬೇಕೆಂಬ ಆಸೆ ಇದೆ, ಫೆಲೊಷಿಪ್ ಸಿಕ್ಕಿದರೆ...’ ಎಂದು ಹಲವರು ಉತ್ತರಿಸುತ್ತಾರೆ. ಪ್ರಯೋಗಾಲಯ, ಮಾರ್ಗದರ್ಶಕರು, ವಿಷಯ ಎಲ್ಲವೂ ಆಮೇಲಿನ ಮಾತು. ಐದು ವರ್ಷ ಊಟ, ಬಾಡಿಗೆ, ಮನೆಗೆ ಕಳಿಸಬೇಕಾದ ಹಣ ಇವುಗಳಿಗೆ ದಾರಿ ಯಾವುದು? ಇದು ಮೊದಲ ಪ್ರಶ್ನೆ. ಈ ಪ್ರಶ್ನೆ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಮದರಾಸಿನ ಒಬ್ಬ ತರುಣ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಮನೆಯಿಂದ ಮನೆಗೆ, ಕಚೇರಿಯಿಂದ ಕಚೇರಿಗೆ ಅಲೆದಿದ್ದ.

ಆತನೇ ಶ್ರೀನಿವಾಸ ರಾಮಾನುಜನ್. ಅವರ ಗಣಿತ ಪ್ರತಿಭೆಯ ಕಥೆಯನ್ನು ನೀವು ಶಾಲೆಯಲ್ಲೇ ಓದಿದ್ದೀರಿ. ಆದರೆ ಅವರ ಬಾಳಿನಲ್ಲಿ ಎರಡು ವಿದ್ಯಾರ್ಥಿ ವೇತನಗಳು ವಹಿಸಿದ ಪಾತ್ರವನ್ನು ಬಿಡಿಯಾಗಿ ಗಮನಿಸಿದವರು ಕಡಿಮೆ. ಒಂದನ್ನು ಅವರು ಕಳೆದುಕೊಂಡರು. ಇನ್ನೊಂದು, ನಿಯಮವನ್ನು ಸಡಿಲಿಸಿದ ಮೇಲೆ ಅವರಿಗೆ ದೊರೆಯಿತು. ವ್ಯಕ್ತಿ ಅದೇ, ಗಣಿತವೂ ಅದೇ. ಹಾಗಾದರೆ ನಡುವೆ ಬದಲಾದದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಕಳೆದುಹೋದ ವೇತನ

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದಾಗ ಅವರಿಗೆ ವಿದ್ಯಾರ್ಥಿ ವೇತನ ಇತ್ತು. ಮನೆಯ ಸ್ಥಿತಿಗೆ ಅದು ಅನಿವಾರ್ಯವೂ ಆಗಿತ್ತು. ಆದರೆ ರಾಮಾನುಜನ್ ಗಣಿತವೊಂದನ್ನು ಬಿಟ್ಟು ಬೇರೆ ಯಾವ ವಿಷಯಕ್ಕೂ ಗಮನ ಕೊಡಲಿಲ್ಲ. ಇಂಗ್ಲಿಷಿನಲ್ಲಿ ನಪಾಸಾದರು. ನಿಯಮದಂತೆ ವೇತನ ನಿಂತಿತು. ಅದರೊಂದಿಗೆ ಓದೂ ನಿಂತಿತು.

1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಮತ್ತೊಂದು ಪ್ರಯತ್ನ ನಡೆಯಿತು. ಎಫ್.ಎ. ಪರೀಕ್ಷೆಗೆ ಎರಡು ಸಲ ಕುಳಿತರು, ಎರಡು ಸಲವೂ ತೇರ್ಗಡೆಯಾಗಲಿಲ್ಲ. ಆಗಿನ ಮದರಾಸು ವಿಶ್ವವಿದ್ಯಾನಿಲಯದ ವ್ಯಾಪ್ತಿ ಬಹಳ ದೊಡ್ಡದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಗಳೂ ಅದರ ಪರೀಕ್ಷೆಗಳನ್ನೇ ಬರೆಯುತ್ತಿದ್ದರು. ಅಂದರೆ, ರಾಮಾನುಜನ್ ಎಡವಿದ ಹೊಸ್ತಿಲನ್ನೇ ನಮ್ಮ ಕಡೆಯ ಹುಡುಗರೂ ದಾಟಬೇಕಾಗಿತ್ತು.

ಕಾಲೇಜು ಮಾಡಿದ್ದು ತಪ್ಪೇ? ನಿಯಮದ ದೃಷ್ಟಿಯಲ್ಲಿ ತಪ್ಪಿಲ್ಲ. ಎಲ್ಲ ವಿಷಯಗಳಲ್ಲೂ ಪ್ರಗತಿ ತೋರಿದವನಿಗೆ ಮಾತ್ರ ವೇತನ ಎಂಬ ಷರತ್ತು ಎಲ್ಲರಿಗೂ ಒಂದೇ. ಸಮಸ್ಯೆ ಇರುವುದು ಬೇರೆ ಕಡೆ. ಓದಿದ್ದನ್ನು ಒಪ್ಪಿಸುವವನನ್ನು ಪರೀಕ್ಷೆ ಗುರುತಿಸಬಲ್ಲುದು. ಹೊಸದನ್ನು ಕಂಡುಹಿಡಿಯುವವನನ್ನು ಗುರುತಿಸುವ ಏರ್ಪಾಡು ಆ ಕಾಲೇಜಿನಲ್ಲಿ ಇರಲಿಲ್ಲ.

ಹುಡುಕಾಟದ ವರ್ಷಗಳು

1909ರಲ್ಲಿ ಮದುವೆಯಾಯಿತು. ಸಂಪಾದನೆ ಬೇಕಾಯಿತು. ಮರುವರ್ಷ ರಾಮಾನುಜನ್ ತಿರುಕ್ಕೋಯಿಲೂರಿನ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರಲ್ಲಿಗೆ ಹೋಗಿ ಗುಮಾಸ್ತೆ ಕೆಲಸ ಕೇಳಿದರು. ಅಯ್ಯರ್ 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ತರುಣ ತೋರಿಸಿದ ಟಿಪ್ಪಣಿ ಪುಸ್ತಕಗಳನ್ನು ನೋಡಿದ ಅವರಿಗೆ, ಇಂಥವನನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಲು ಮನಸ್ಸು ಬರಲಿಲ್ಲ. ಕೆಲಸ ಕೊಡುವ ಬದಲು ಪರಿಚಯ ಪತ್ರ ಕೊಟ್ಟು ಮದರಾಸಿಗೆ, ಪಿ.ವಿ. ಶೇಷು ಅಯ್ಯರ್ ಅವರಲ್ಲಿಗೆ ಕಳಿಸಿದರು. ಅಲ್ಲಿಂದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರರಾಯರ ಪರಿಚಯವಾಯಿತು.

ರಾಯರು ಮೊದಲು ನಂಬಲಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಒಪ್ಪಿದರು. ‘ನಿನಗೆ ಏನು ಬೇಕು?’ ಎಂದಾಗ ರಾಮಾನುಜನ್ ಕೇಳಿದ್ದು ಸಂಶೋಧನೆ ಮುಂದುವರಿಸುವಷ್ಟು ಕಾಲ ಹೊಟ್ಟೆಪಾಡಿಗೆ ಒಂದಿಷ್ಟು ಹಣ, ಅಷ್ಟೇ. ಗಮನಿಸಿ, ಫೆಲೊಷಿಪ್ ಎಂಬುದರ ನಿಜವಾದ ಅರ್ಥ ಇದೇ. ಅದು ಬಹುಮಾನವಲ್ಲ. ಬೇರೆ ಕೆಲಸಕ್ಕೆ ಹೋಗಬೇಕಾಗದ ಸಮಯವನ್ನು ಕೊಳ್ಳುವ ಬೆಲೆ. ರಾಯರು ತಮ್ಮ ಸ್ವಂತ ಹಣದಿಂದ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು. ವಿದ್ಯಾರ್ಥಿ ವೇತನ ಕೊಡಿಸುವ ಪ್ರಯತ್ನ ಫಲಿಸಲಿಲ್ಲ. ಪದವಿಯೇ ಇಲ್ಲದವನಿಗೆ ಯಾವ ಲೆಕ್ಕದಲ್ಲಿ ಕೊಡುವುದು?

ಆದರೆ ಈ ಅವಧಿಯಲ್ಲಿ ಒಂದು ಮುಖ್ಯ ಸಂಗತಿ ನಡೆಯಿತು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ಬರ್ನೌಲಿ ಸಂಖ್ಯೆಗಳನ್ನು ಕುರಿತ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು. ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದು ಈಗ ಅಪರಿಚಿತರೂ ಓದಿ ಪರಿಶೀಲಿಸಬಹುದಾದ ಕೆಲಸವಾಯಿತು.

ಇನ್ನೊಬ್ಬರ ಔದಾರ್ಯದಲ್ಲಿ ಬದುಕುವುದು ರಾಮಾನುಜನ್ ಅವರಿಗೆ ಇಷ್ಟವಿರಲಿಲ್ಲ. 1912ರ ಮಾರ್ಚ್ 1ರಂದು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ. ಅಲ್ಲಿನ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಗಣಿತ ಬಲ್ಲವರು. ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗೂ ಈ ಗುಮಾಸ್ತರ ಬಗ್ಗೆ ಆಸಕ್ತಿ ಹುಟ್ಟಿತು.

ಪತ್ರಗಳು, ಉತ್ತರಗಳು, ಮೌನಗಳು

ಮದರಾಸಿನಲ್ಲಿ ಮೆಚ್ಚಿದವರು ಇದ್ದರು. ಆದರೆ ‘ಇದು ನಿಜವಾಗಿಯೂ ಹೊಸದು’ ಎಂದು ಅಧಿಕಾರದಿಂದ ಹೇಳಬಲ್ಲವರು ಇರಲಿಲ್ಲ. ಆದ್ದರಿಂದ ಪತ್ರಗಳು ಇಂಗ್ಲೆಂಡಿಗೆ ಹೋದವು. ಲಂಡನ್ನಿನ ಪ್ರೊ. ಎಂ.ಜೆ.ಎಂ. ಹಿಲ್ ತಪ್ಪುಗಳನ್ನು ತೋರಿಸಿ, ಓದಬೇಕಾದ ಪುಸ್ತಕವನ್ನು ಸೂಚಿಸಿದರು. ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಅವರಿಂದ ನೆರವು ಸಿಗಲಿಲ್ಲ. 1913ರ ಜನವರಿ 16ರಂದು ರಾಮಾನುಜನ್ ಜಿ.ಎಚ್. ಹಾರ್ಡಿ ಅವರಿಗೆ ಪುಟಗಟ್ಟಲೆ ಪ್ರಮೇಯಗಳೊಂದಿಗೆ ಪತ್ರ ಬರೆದರು. ಫೆಬ್ರವರಿ 8ರಂದು ಹಾರ್ಡಿ ಉತ್ತರಿಸಿದರು. ಆಸಕ್ತಿ ತೋರಿ, ಸಾಧನೆಗಳನ್ನು ಕಳಿಸುವಂತೆ ಕೇಳಿದರು.

ಫೆಬ್ರವರಿ 27ರ ಮರುಪತ್ರದಲ್ಲಿ ರಾಮಾನುಜನ್ ಬರೆದ ಒಂದು ಮಾತು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ತಾವು ಅರೆಹೊಟ್ಟೆಯಲ್ಲಿರುವುದನ್ನು, ಬುದ್ಧಿ ಉಳಿಯಬೇಕಾದರೆ ಅನ್ನ ಬೇಕೆಂಬುದನ್ನು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಹಾರ್ಡಿಯವರ ಒಂದು ಸಹಾನುಭೂತಿಯ ಪತ್ರವಿದ್ದರೆ ವಿಶ್ವವಿದ್ಯಾನಿಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿ ವೇತನ ಪಡೆಯಲು ನೆರವಾಗುತ್ತದೆ ಎಂದರು. ಅಂದರೆ, ಹೊಗಳಿಕೆಯನ್ನು ಅವರು ಬಯಸಿರಲಿಲ್ಲ. ತಮಗೆ ಏನು ಬೇಕು, ಅದನ್ನು ಯಾರು ಕೊಡಬಲ್ಲರು, ಅದಕ್ಕೆ ಯಾವ ಕಾಗದ ಬೇಕು ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ನಿಯಮ ಸಡಿಲಿದ ಬಗೆ

ಅದೇ ಫೆಬ್ರವರಿಯಲ್ಲಿ ಇನ್ನೊಬ್ಬರು ಮದರಾಸಿಗೆ ಬಂದಿದ್ದರು. ಭಾರತದ ಹವಾಮಾನ ವೀಕ್ಷಣಾಲಯಗಳ ಮಹಾನಿರ್ದೇಶಕ ಗಿಲ್ಬರ್ಟ್ ವಾಕರ್. ಮಾನ್ಸೂನಿನ ಅಧ್ಯಯನದಲ್ಲಿ ‘ದಕ್ಷಿಣ ಆಂದೋಲನ’ವನ್ನು ಗುರುತಿಸಿದವರು ಎಂದು ಭೂವಿಜ್ಞಾನದ ವಿದ್ಯಾರ್ಥಿಗಳು ಇವರ ಹೆಸರು ಕೇಳಿರಬಹುದು. ಮೂಲತಃ ವಾಕರ್ ಕೇಂಬ್ರಿಜ್‌ನ ಗಣಿತಜ್ಞರು. ಸ್ಪ್ರಿಂಗ್ ಅವರ ಮೂಲಕ ರಾಮಾನುಜನ್ ಅವರ ಕೆಲಸ ಇವರ ಕಣ್ಣಿಗೆ ಬಿತ್ತು. ಮರುದಿನವೇ, ಫೆಬ್ರವರಿ 26ರಂದು, ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಪತ್ರ ಬರೆದರು. ಜೀವನೋಪಾಯದ ಚಿಂತೆಯಿಲ್ಲದೆ ಕೆಲವು ವರ್ಷ ಪೂರ್ತಿ ಸಮಯವನ್ನು ಗಣಿತಕ್ಕೆ ಕೊಡುವಂತೆ ವಿಶ್ವವಿದ್ಯಾನಿಲಯ ಮಾಡಬೇಕು ಎಂಬುದು ಪತ್ರದ ಸಾರ.

ಮಾರ್ಚ್ 19ರಂದು ಗಣಿತ ಅಧ್ಯಯನ ಮಂಡಲಿ ಸಭೆ ಸೇರಿತು. ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ಸಂಶೋಧನ ವೇತನ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ ಸಂಶೋಧನ ವೇತನಕ್ಕೆ ಸ್ನಾತಕೋತ್ತರ ಪದವಿ ಬೇಕಿತ್ತು. ಈ ಅಭ್ಯರ್ಥಿಗೆ ಎಫ್.ಎ. ಕೂಡ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ಸಿಂಡಿಕೇಟ್ ಒಪ್ಪಿತು. ಸರ್ಕಾರದ ವಿಶೇಷ ಸಮ್ಮತಿ ಪಡೆದು ವೇತನ ಮಂಜೂರಾಯಿತು. ಪೋರ್ಟ್ ಟ್ರಸ್ಟ್ ಸಂಬಳರಹಿತ ರಜೆ ಕೊಟ್ಟಿತು. 1913ರ ಮೇ 1ರಿಂದ ರಾಮಾನುಜನ್ ಮದರಾಸು ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಯಾದರು. ಗುಮಾಸ್ತೆ ಸಂಬಳದ ಎರಡೂವರೆ ಪಟ್ಟು ಹಣ, ಜೊತೆಗೆ ಇಡೀ ದಿನ ತಮ್ಮದೇ!

ಒಂದು ಷರತ್ತು ಇತ್ತು. ಮೂರು ತಿಂಗಳಿಗೊಮ್ಮೆ ಕೆಲಸದ ವರದಿ ಸಲ್ಲಿಸಬೇಕು. ಮೊದಲ ವರದಿಯ ದಿನಾಂಕ 1913ರ ಆಗಸ್ಟ್ 5. ನಿಶ್ಚಿತ ಸಮಾಕಲಗಳ ಬೆಲೆ ಕಂಡುಹಿಡಿಯುವ ಹೊಸ ವಿಧಾನವೊಂದನ್ನು ಅದರಲ್ಲಿ ವಿವರಿಸಿದ್ದರು. ಗಣಿತಜ್ಞರು ಈಗ ‘ರಾಮಾನುಜನ್ ಮಾಸ್ಟರ್ ಪ್ರಮೇಯ’ ಎಂದು ಕರೆಯುವುದು ಇದನ್ನೇ. ನವೆಂಬರ್ ಮತ್ತು ಮರುವರ್ಷದ ಮಾರ್ಚ್‌ನಲ್ಲಿ ಇನ್ನೆರಡು ವರದಿಗಳು ಸಲ್ಲಿಕೆಯಾದವು. ವರದಿ ಬರೆಯುವುದೆಂದರೆ ಮೂಗು ಮುರಿಯುವ ಸಂಶೋಧನ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು!

1914ರ ಆರಂಭದಲ್ಲಿ ಕೇಂಬ್ರಿಜ್‌ನ ಇ.ಎಚ್. ನೆವಿಲ್ ಉಪನ್ಯಾಸಕ್ಕಾಗಿ ಮದರಾಸಿಗೆ ಬಂದರು. ಟಿಪ್ಪಣಿ ಪುಸ್ತಕಗಳನ್ನು ನೋಡಿ, ಜನವರಿ 28ರಂದು ಕುಲಸಚಿವರಿಗೆ ಬರೆದರು. ಈ ಬಾರಿ ವಿಶ್ವವಿದ್ಯಾನಿಲಯ ತಡಮಾಡಲಿಲ್ಲ. ವರ್ಷಕ್ಕೆ 250 ಪೌಂಡ್, ಹಡಗಿನ ವೆಚ್ಚ, ಬಟ್ಟೆಬರೆಯ ವೆಚ್ಚ ಎಲ್ಲವನ್ನೂ ಕೊಟ್ಟಿತು. 250ರಲ್ಲಿ 50 ಪೌಂಡ್ ಊರಿನಲ್ಲಿದ್ದ ಮನೆಯವರಿಗೆ ಸಲ್ಲುವ ಏರ್ಪಾಡಾಯಿತು. ಟ್ರಿನಿಟಿ ಕಾಲೇಜು 60 ಪೌಂಡ್ ಸೇರಿಸಿತು. ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು.

ಏನು ಬದಲಾಗಿತ್ತು?

ಈಗ ನಮ್ಮ ಪ್ರಶ್ನೆಗೆ ಮರಳೋಣ. ವೇತನ ಕಳೆದುಕೊಂಡ ಹುಡುಗನಿಗೂ 1913ರ ಸಂಶೋಧಕನಿಗೂ ಪರೀಕ್ಷೆಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಮೂರು ಸಂಗತಿಗಳು ಸೇರಿಕೊಂಡಿದ್ದವು. ಒಂದು, ಅಚ್ಚಾದ ಕೆಲಸ. ಎರಡು, ಆ ಕೆಲಸವನ್ನು ಓದಿ ಬೆಲೆಕಟ್ಟಬಲ್ಲ, ಬೆಲೆಕಟ್ಟಿದ್ದನ್ನು ಬರೆದು ಕೊಡಬಲ್ಲ ಜನ. ಮೂರು, ಬೇಕಾದದ್ದನ್ನು ಸ್ಪಷ್ಟವಾಗಿ ಕೇಳುವ ಧೈರ್ಯ.

ಇದು ರಾಮಾನುಜನ್ ಅವರಂಥ ಅಸಾಮಾನ್ಯರಿಗೆ ಮಾತ್ರ ಅನ್ವಯಿಸುತ್ತದೆ ಎನ್ನಬೇಡಿ. ಅದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ ಸುಬ್ರಹ್ಮಣ್ಯನ್ ಚಂದ್ರಶೇಖರ್, ಪದವಿಗೆ ಮುಂಚೆಯೇ ಬರೆದ ಪ್ರಬಂಧವನ್ನು 1929ರಲ್ಲಿ ಕೇಂಬ್ರಿಜ್‌ನ ಆರ್.ಎಚ್. ಫೌಲರ್ ಅವರಿಗೆ ಅಂಚೆಯಲ್ಲಿ ಕಳಿಸಿದರು. ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1930ರಲ್ಲಿ ಸರ್ಕಾರದ ವಿದ್ಯಾರ್ಥಿ ವೇತನ ಪಡೆದು ಅವರು ಹೋದದ್ದು ಅದೇ ಫೌಲರ್ ಅವರ ಬಳಿಗೆ.

ಇಂದು ಸ್ಥಿತಿ ಬಹಳ ಸುಧಾರಿಸಿದೆ. ಕಲೆಕ್ಟರರ ಮನೆ ಬಾಗಿಲು ತಟ್ಟಬೇಕಾಗಿಲ್ಲ. ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ. ಹೆಸರಿನ ‘ನೆಟ್’ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧನ ಫೆಲೊ ಆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಪ್ರಕಟಣೆ ಎಲ್ಲರಿಗೂ ತೆರೆದದ್ದು, ನಿಯಮ ಎಲ್ಲರಿಗೂ ಒಂದೇ. ಇದು ದೊಡ್ಡ ಲಾಭ. ಏಕೆಂದರೆ ವಾಕರ್ ಮದರಾಸಿಗೆ ಬರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ 1913ರ ಕಥೆಯ ಬೆನ್ನಿಗೇ ಇದೆ. ಪರಿಚಯದ ಬಲವಿಲ್ಲದ ಎಷ್ಟು ಮಂದಿಯ ಟಿಪ್ಪಣಿ ಪುಸ್ತಕಗಳು ಗೆದ್ದಲಿಗೆ ಹೋಗಿರಬಹುದು!

ಆದರೂ ಹಳೆಯ ಪಾಠ ಸವೆದಿಲ್ಲ. ವಿದ್ಯಾರ್ಥಿಗಳೇ, ಅರ್ಜಿಯ ಕೊನೆಯ ದಿನಾಂಕಗಳನ್ನು ವರ್ಷದ ಮೊದಲೇ ಪಟ್ಟಿ ಮಾಡಿ. ಒಂದೇ ಫೆಲೊಷಿಪ್ ನೆಚ್ಚಿಕೊಂಡು ಕೂರಬೇಡಿ. ಯೋಜನಾ ಕಾರ್ಯದ ವರದಿಯಾಗಲಿ, ಸಣ್ಣ ಪ್ರಬಂಧವಾಗಲಿ, ತೋರಿಸಲು ಒಂದು ಮುಗಿದ ಕೆಲಸ ಕೈಯಲ್ಲಿರಲಿ. ಉತ್ತರ ಬಾರದ ಪತ್ರವನ್ನು ಸೋಲೆಂದು ತಿಳಿಯಬೇಡಿ. ಹಾರ್ಡಿಗೆ ಮುಂಚೆ ಇಬ್ಬರು ಇದ್ದರು.

ಅಧ್ಯಾಪಕ ಮಿತ್ರರೇ, ನಿಮ್ಮ ಪಾತ್ರ ಇನ್ನೂ ದೊಡ್ಡದು. ರಾಮಸ್ವಾಮಿ ಅಯ್ಯರ್ ಒಂದು ಪರಿಚಯ ಪತ್ರ ಬರೆದರು. ವಾಕರ್ ಒಂದು ಶಿಫಾರಸು ಬರೆದರು. ಎರಡೂ ಕೆಲವೇ ನಿಮಿಷಗಳ ಕೆಲಸ. ಆದರೆ ಬರೆಯುವ ಮೊದಲು ಇಬ್ಬರೂ ಆ ಪುಸ್ತಕಗಳನ್ನು ತೆರೆದು ನೋಡಿದ್ದರು. ‘ಒಳ್ಳೆಯ ನಡತೆಯ, ಶ್ರಮಶೀಲ ವಿದ್ಯಾರ್ಥಿ’ ಎಂದು ಎಲ್ಲರಿಗೂ ಒಂದೇ ಒಕ್ಕಣೆ ಬರೆದು ಸಹಿ ಹಾಕುವ ಮುನ್ನ ಇದನ್ನು ಯೋಚಿಸಿ.

ಕೊನೆಯ ಪತ್ರ

1918ರಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೊ ಆದರು. ಅದೇ ವರ್ಷ ಟ್ರಿನಿಟಿಯ ಫೆಲೊ ಆದರು. ಮದರಾಸು ವಿಶ್ವವಿದ್ಯಾನಿಲಯ ಐದು ವರ್ಷ ಕಾಲ ವರ್ಷಕ್ಕೆ 250 ಪೌಂಡ್ ಕೊಡಲು ಮುಂದಾಯಿತು. 1919ರ ಜನವರಿ 11ರಂದು, ಕಾಯಿಲೆಯಲ್ಲಿದ್ದಾಗಲೇ, ರಾಮಾನುಜನ್ ಕುಲಸಚಿವರಿಗೆ ಉತ್ತರ ಬರೆದರು. ಈ ಹಣ ತಮ್ಮ ಅಗತ್ಯಕ್ಕಿಂತ ಹೆಚ್ಚು ಎಂದರು. ತಂದೆತಾಯಿಯರಿಗೆ ವರ್ಷಕ್ಕೆ 50 ಪೌಂಡ್ ಕೊಟ್ಟು, ತಮ್ಮ ವೆಚ್ಚ ಕಳೆದು ಉಳಿದದ್ದನ್ನು ಬಡ ಹಾಗೂ ಅನಾಥ ಹುಡುಗರ ಶಾಲಾ ಶುಲ್ಕ ತಗ್ಗಿಸಲು, ಶಾಲೆಗಳಿಗೆ ಪುಸ್ತಕ ಒದಗಿಸಲು ಬಳಸಬೇಕೆಂದು ಕೋರಿದರು.

ಮರುವರ್ಷ, 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ವಿದ್ಯಾರ್ಥಿ ವೇತನ ನಿಂತರೆ ಒಬ್ಬ ಹುಡುಗನ ಓದು ಹೇಗೆ ನಿಲ್ಲುತ್ತದೆ ಎಂಬುದನ್ನು ಅವರು ಕೊನೆಯವರೆಗೂ ಮರೆತಿರಲಿಲ್ಲ.